ನೆತ್ತಿ ಕೂಡದ ಹುಡುಗಿ

ನನ್ನ ಎತ್ತರ ನಾಲ್ಕು ಅಡಿ ಮೂರು ಇಂಚು. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಒಂದು ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಹೊಸಬರು ಯಾರಾದರೂ ಬಂದರೆ ಕಂಪ್ಯೂಟರಿನ ಹಿಂದಿನಿಂದ ಇಣುಕುವ ನನ್ನ ಮುಖ ನೋಡಿ, "ಪಾಪು, ಅಂಗಡ್ಯಾಗ ದೊಡ್ಡವರು ಯಾರೂ ಇಲ್ಲೇನು?" ಎಂದು ಕೇಳುತ್ತಾರೆ. ಮೂವತ್ತು ತುಂಬಿದೆ ಎಂದರೆ ನಂಬುವುದಿಲ್ಲ. ಬಹಳ ವರ್ಷ ಆ ಪ್ರಶ್ನೆಗೆ ಉತ್ತರ ಕೊಡುವ ಕೆಲಸವನ್ನು ಚಿಗವ್ವ ಮಾಡುತ್ತಿದ್ದಳು. ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಾ, "ಆಕೀನೇ ದೊಡ್ಡಾಕಿರೀ. ನಾನು ಸುಮ್ನ ಕಾವಲಿಗೆ ಕುಂತೀನಿ," ಅನ್ನುತ್ತಿದ್ದಳು. ಅವಳು ಹೋಗಿ ಎರಡು ವರ್ಷವಾಯಿತು.

ಚಿಗವ್ವ ಎಂದರೆ ಅಪ್ಪನ ಎರಡನೆಯ ಹೆಂಡತಿ ಉಚ್ಚೆಂಗಮ್ಮ. ನನ್ನನ್ನು ಹೆತ್ತವಳು ಲಕ್ಷ್ಮೀ. ನನಗೆ ಮೂರು ವರ್ಷವಿದ್ದಾಗ ಜ್ವರ ಬಂದು ತೀರಿಹೋದಳಂತೆ, ಮುಖ ನೆನಪಿಲ್ಲ. ಅಪ್ಪ ಜಂಬಯ್ಯ ಅವಳಿಗೆ ಸ್ವಂತ ಸೋದರಮಾವ. ಬುಕ್ಕಸಾಗರದ ದುರ್ಗಕ್ಕಜ್ಜಿ ತನ್ನ ಮಗಳನ್ನು ತನ್ನ ತಮ್ಮನಿಗೇ ಕೊಟ್ಟಿದ್ದಳು. ನಮ್ಮ ಕಡೆ ಅದು ಮನೆಮನೆಯಲ್ಲೂ ನಡೆಯುವ ಮಾತು, ಯಾರೂ ಎರಡು ಸಲ ಯೋಚಿಸುವುದಿಲ್ಲ. ಲಕ್ಷ್ಮೀ ಸತ್ತ ಮರುವರ್ಷ ಅಪ್ಪ ಸಂಡೂರು ತಾಲೂಕಿನ ಚೋರನೂರಿನಿಂದ ಉಚ್ಚೆಂಗಮ್ಮನನ್ನು ಮದುವೆಯಾಗಿ ಕರೆತಂದ. ಅವಳು ನಮ್ಮ ಸಂಬಂಧದವಳಲ್ಲ. ಅಜ್ಜಿಗೆ ಅದೊಂದು ಮುಳ್ಳು. "ಹೊರಗಿನಾಕಿ" ಎಂದೇ ಕರೆಯುತ್ತಿದ್ದಳು.

ಅದು ಗಣಿಯ ಕಾಲ. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಗಿರಣಿ ಬಿಟ್ಟು ಸಂಡೂರು ಗುಡ್ಡದ ಒಂದು ಕ್ರಷರಿಗೆ ಸೇರಿದ್ದ. ಹದಿನೈದು ದಿನಕ್ಕೊಮ್ಮೆ ಮನೆಗೆ ಬಂದರೆ ಅವನ ಅಂಗಿ ತೊಳೆದ ನೀರು ಬಚ್ಚಲಿನಿಂದ ಓಕುಳಿಯ ಹಾಗೆ ಹರಿಯುತ್ತಿತ್ತು. ಅದಿರಿನ ಧೂಳಿಗೆ ನಮ್ಮ ಓಣಿಯ ಬೇವಿನ ಮರ ಕೆಂಪು, ಎಮ್ಮೆಯ ಬೆನ್ನು ಕೆಂಪು, ಒಣಹಾಕಿದ ಬಿಳಿ ಪಂಚೆಯೂ ಸಂಜೆಗೆ ಕೆಂಪು. ದೊಡ್ಡವರೆಲ್ಲ ಕೆಮ್ಮುತ್ತಾ ಬೈಯುತ್ತಿದ್ದರು. ನನಗೆ ಮಾತ್ರ ಆ ಧೂಳು ಇಷ್ಟ. ಮೊದಲ ಮಳೆ ಬಿದ್ದಾಗ ರಸ್ತೆಯಿಂದ ಕಾದ ಹಂಚಿನ ಮೇಲೆ ನೀರು ಚಿಮುಕಿಸಿದಂಥ ವಾಸನೆ ಏಳುತ್ತಿತ್ತು. ಈಗ ರಸ್ತೆ ನುಣ್ಣಗಾಗಿದೆ, ಮರಗಳು ಹಸಿರಾಗಿವೆ. ಆ ವಾಸನೆಯನ್ನು ಎಲ್ಲಿಂದ ತರಲಿ?

ಧೂಳು ಇಷ್ಟವಾಗಲು ಇನ್ನೊಂದು ಕಾರಣ ಕನಕರಾಜ ಮಾವ. ಅಜ್ಜಿಯ ಕಿರಿಯ ಮಗ, ಇಪ್ಪತ್ತೆರಡರ ಹುಡುಗ, ಟಿಪ್ಪರ್ ಓಡಿಸುತ್ತಿದ್ದ. ಕಾರಿಗನೂರಿನಲ್ಲಿ ಅದಿರು ಇಳಿಸಿ ವಾಪಸು ಹೋಗುವಾಗ ನಮ್ಮ ಓಣಿಯ ತುದಿಯಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುತ್ತಿದ್ದ. ಆಮೇಲೆ ನನ್ನನ್ನು ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿ ಕಾಲುವೆ ಸೇತುವೆಯವರೆಗೆ ಒಂದು ಸುತ್ತು. ಕ್ಲಾಸಿನಲ್ಲಿ ನಾನು ಎಲ್ಲರಿಗಿಂತ ಕುಳ್ಳಿ, ಐದನೆಯ ಇಯತ್ತೆಯ ಹುಡುಗಿ ಎರಡನೆಯ ಇಯತ್ತೆಯವಳಂತೆ ಕಾಣುತ್ತಿದ್ದೆ. ಆ ಕ್ಯಾಬಿನ್ನಿನಲ್ಲಿ ಕೂತಾಗ ಮಾತ್ರ ಊರೆಲ್ಲ ನನ್ನ ಕೆಳಗೆ. ಜಂಬುನಾಥನ ಗುಡ್ಡ ಕೈಗೆ ಸಿಗುವಷ್ಟು ಹತ್ತಿರ. "ಈಕಿ ದೊಡ್ಡಾಕಿ ಆದಮ್ಯಾಲ ನಮ್ಮ ಕನಕರಾಜಗೇ," ಎಂದು ಅಜ್ಜಿ ನಗುತ್ತಿದ್ದಳು. ನಾನು ಅದನ್ನು ನಿಜವೆಂದೇ ನಂಬಿದ್ದೆ.

ಆದರೆ ನನ್ನ ಎಲುಬುಗಳು ಸರಿ ಇರಲಿಲ್ಲ. ಐದು ವರ್ಷಕ್ಕೆ ಬಲಗಾಲಿನ ಮುಂಗಾಲೆಲುಬು ಮುರಿಯಿತು, ಏಳಕ್ಕೆ ಅದೇ ಕಾಲು ಮತ್ತೆ. ಒಂಬತ್ತಕ್ಕೆ ಭುಜದ ಎಲುಬು. ಪ್ರತಿ ಸಲವೂ ಕಾರಣ ಕೇಳಿದರೆ ನಗೆಪಾಟಲು: ಮಂಚದಿಂದ ಇಳಿದೆ, ಶಾಲೆಯ ಮೆಟ್ಟಿಲು ಎಡವಿದೆ. ಹಾಲುಹಲ್ಲು ಬೀಳದೆ ಅವುಗಳ ಹಿಂದೆ ಇನ್ನೊಂದು ಸಾಲು ಮೂಡಿತ್ತು. ಬೆರಳುಗಳ ತುದಿ ಮೊಂಡು. ಚಿಗವ್ವ ರಾಗಿ ಅಂಬಲಿ ಕುಡಿಸಿದಳು, ಹಾಲು ಕುಡಿಸಿದಳು, ಭಾನುವಾರ ಎಣ್ಣೆ ಹಚ್ಚಿ ಬಿಸಿಲಿನಲ್ಲಿ ಕೂರಿಸಿದಳು. ಅವಳಿಗೆ ಮಕ್ಕಳಾಗಲಿಲ್ಲ. ಆ ಪ್ರೀತಿಯೆಲ್ಲ ನನ್ನ ಮೇಲೆ ಸುರಿಯಿತು ಎಂದು ಈಗ ಹೇಳಬಹುದು. ಆಗ ನನಗೆ ಅದು ಕಾಟವಾಗಿತ್ತು. ಓಡಬ್ಯಾಡ, ಹತ್ತಬ್ಯಾಡ, ಜಿಗಿಯಬ್ಯಾಡ. ಅವಳ ದನಿಯೂ ಜೋರು. ಬೈದರೆ ಓಣಿಯ ಆ ತುದಿಗೆ ಕೇಳುತ್ತಿತ್ತು.

ಒಂದು ಭಾನುವಾರ ತಲೆಗೆ ಎಣ್ಣೆ ಹಚ್ಚುವಾಗ ಅವಳ ಬೆರಳು ನನ್ನ ನೆತ್ತಿಯ ಮೇಲೆ ನಿಂತಿತು. ಮತ್ತೆ ಮತ್ತೆ ಮುಟ್ಟಿ ನೋಡಿದಳು. ಅಂದು ಅಜ್ಜಿಯೂ ಬಂದಿದ್ದಳು.

"ಇಲ್ಲಿ ನೋಡ್ರಿ ಅತ್ತಿಗೀ, ಈಕಿ ನೆತ್ತಿ ಇನ್ನೂ ಕೂಡಿಲ್ಲ. ಕೂಸಿನ ನೆತ್ತಿ ಇದ್ದಂಗ ಮೆತ್ತಗೈತಿ."

"ಎಂಟು ವರ್ಷದ ಹುಡುಗೀದು ನೆತ್ತಿ ಎಲ್ಯಾರ ಮೆತ್ತಗಿರ್ತೈತೇನು?" ಅಜ್ಜಿ ಅಲ್ಲಿಂದಲೇ ಕೈ ಬೀಸಿದಳು. "ಹಡೆದಾಕಿಗೆ ಗೊತ್ತಿರ್ತೈತಿ. ನಿನಗೇನು ಗೊತ್ತು?"

ಚಿಗವ್ವ ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಎರಡು ಸಾವಿರದ ಐದನೆಯ ಇಸವಿಯ ಜೂನ್ ತಿಂಗಳಲ್ಲಿ, ಶಾಲೆ ಶುರುವಾದ ಎರಡನೆಯ ವಾರ, ಮಾವನ ಟಿಪ್ಪರ್ ಓಣಿಯ ತುದಿಯಲ್ಲಿ ನಿಂತಿತ್ತು. ಮಾವ ಚಹಾದಂಗಡಿಯಲ್ಲಿದ್ದ. "ಗಾಡಿ ಹತ್ರ ಹೋದ್ರ ನೋಡು, ಕಾಲು ಮುರೀತೀನಿ!" ಎಂದು ಚಿಗವ್ವ ರೊಟ್ಟಿ ಬಡಿಯುತ್ತಾ ಒಳಗಿನಿಂದ ಕೂಗಿದ್ದು ಅಕ್ಕಪಕ್ಕದವರಿಗೆಲ್ಲ ಕೇಳಿತ್ತು. ನಾನು ಹೋದೆ. ಕ್ಯಾಬಿನ್ನಿನ ಮೊದಲ ಮೆಟ್ಟಿಲಿಗೆ ಕಾಲಿಟ್ಟು ಮೇಲಿನ ಹಿಡಿಕೆಗೆ ಕೈ ಚಾಚಿದೆ. ಜಾರಿದೆ. ಎಡಗಾಲಿನೊಳಗೆ ಟಕ್ ಎಂದು ಸದ್ದಾಯಿತು. ತೆವಳಿಕೊಂಡು ನಮ್ಮ ಬಾಗಿಲ ತನಕ ಬಂದು ಅಲ್ಲಿ ಕಿರುಚಿದೆ. ಜನ ಸೇರಿದಾಗ ಅವರಿಗೆ ಕಂಡದ್ದು ಹೊಸ್ತಿಲಲ್ಲಿ ಬಿದ್ದ ನಾನು, ನನ್ನ ಮುಂದೆ ಹಿಟ್ಟಿನ ಕೈಯಲ್ಲಿ ನಿಂತ ಚಿಗವ್ವ.

ದವಾಖಾನೆಯಲ್ಲಿ ವಯಸ್ಸಾದ ಡಾಕ್ಟರೊಬ್ಬರು ಹಳೆಯ ಚೀಟಿಗಳನ್ನೆಲ್ಲ ತಿರುವಿ ನೋಡಿದರು. ಐದು ವರ್ಷದಲ್ಲಿ ನಾಲ್ಕು ಸಲ. ಚಿಗವ್ವನನ್ನು ಹೊರಗೆ ಕಳಿಸಿ ನನ್ನ ಪಕ್ಕ ಕುಳಿತು ಮೆತ್ತಗೆ ಕೇಳಿದರು: "ಹೆದರಬ್ಯಾಡ ಮರೀ. ಯಾರು ಹೊಡೆದ್ರು?"

ಅಜ್ಜಿ ಬುಕ್ಕಸಾಗರದಿಂದ ಓಡಿ ಬಂದು ಅಲ್ಲೇ ನಿಂತಿದ್ದಳು. ಟಿಪ್ಪರ್ ಹತ್ತಿದ್ದು ಹೇಳಿದರೆ ಮಾವನಿಗೆ ಬೈಗುಳ, ನನಗೆ ಆ ಸುತ್ತು ಬಂದ್. ಇಷ್ಟೇ ನನ್ನ ತಲೆಯಲ್ಲಿದ್ದುದು. ನಾನು ತಲೆ ತಗ್ಗಿಸಿ ಸುಮ್ಮನಿದ್ದೆ.

"ನೋಡ್ರಿ, ಹುಡುಗಿ ಬಾಯೇ ಬಿಡವಲ್ದು," ಅಂದಳು ಅಜ್ಜಿ. "ಅಷ್ಟು ಅಂಜಿಸಿಟ್ಟಾಳ ಅಕಿ."

ನಾನು ಸುಳ್ಳು ಹೇಳಲಿಲ್ಲ. ಆದರೆ ನನ್ನ ಆ ಮೌನ ಎಷ್ಟು ಸುಳ್ಳುಗಳ ಕೆಲಸ ಮಾಡಿತು ಎನ್ನುವುದು ನನಗೆ ಗೊತ್ತು.

ಶನಿವಾರ ಅಪ್ಪ ಬಂದ. ಅಜ್ಜಿ ಜಗಲಿಯ ಮೇಲೆ ಕುಳಿತು, "ಒಂದೋ ಆಕಿ ಇರ್ಬೇಕು, ಇಲ್ಲಾ ನಮ್ಮ ಲಕ್ಷ್ಮೀ ಕೂಸು ಇರ್ಬೇಕು. ನಾನು ಕೂಸನ್ನ ಕರಕೊಂಡು ಹೋಗ್ತೀನಿ," ಅಂದಳು. ಅಪ್ಪ ಕೆಟ್ಟವನಲ್ಲ, ಆದರೆ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿರುವವನಿಗೆ ಮನೆಯೊಳಗಿನದು ಏನು ತಿಳಿದೀತು?

"ನೀನು ಹೊಡೆದಿಯೇನು?" ಎಂದು ಕೇಳಿದ.

"ನೀವು ಕೇಳಬಾರದಿತ್ತು," ಅಂದಳು ಚಿಗವ್ವ.

"ಸ್ವಲ್ಪ ದಿನ ತವರಿಗೆ ಹೋಗಿ ಬಾ."

ಅವಳು ಅಳಲಿಲ್ಲ. ಒಂದು ಕೈಚೀಲಕ್ಕೆ ಮೂರು ಸೀರೆ ತುರುಕಿದಳು. ಹೊರಡುವಾಗ ಅಜ್ಜಿಯ ಮುಂದೆ ನಿಂತು, "ಎಣ್ಣಿ ಹಚ್ಚುವಾಗ ನೆತ್ತಿ ಮ್ಯಾಲ ಜೋರಾಗಿ ಒತ್ತಬ್ಯಾಡ್ರಿ. ಹಲ್ಲಿನ ಡಾಕ್ಟರ್ ಮುಂದಿನ ತಿಂಗಳು ಬರಾಕ ಹೇಳ್ಯಾರ. ಗಟ್ಟಿ ರೊಟ್ಟಿ ಆಕಿಗೆ ಜಗಿಯಾಕ ಬರಂಗಿಲ್ಲ, ಹಾಲಿನ್ಯಾಗ ನೆನಸಿ ಕೊಡ್ರಿ," ಅಂದಳು. ನನ್ನ ಕಡೆ ತಿರುಗಿ ಪ್ಲಾಸ್ಟರಿನ ಮೇಲೆ ಒಮ್ಮೆ ಕೈಯಾಡಿಸಿದಳು. ಅಷ್ಟೇ. ನಾನು ಆಗಲೂ ಬಾಯಿ ಬಿಡಲಿಲ್ಲ.

ಬುಕ್ಕಸಾಗರದಲ್ಲಿ ನಾಲ್ಕು ತಿಂಗಳಿದ್ದೆ. ಭತ್ತದ ಗದ್ದೆ, ಬಾಳೆ ತೋಟ, ಹೊಳೆಯಾಚೆ ಬಂಡೆ ಮೇಲೆ ಬಂಡೆ ಪೇರಿಸಿಟ್ಟಂಥ ಗುಡ್ಡ. ಅಜ್ಜಿ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಳು. ಊರ ಶಾಲೆಗೆ ಸೇರಿಸಿದಳು, ಬೆಣ್ಣೆ ಹಾಕಿ ಅನ್ನ ತಿನ್ನಿಸಿದಳು. ಯಾರೂ ಬೈಯಲಿಲ್ಲ, ಯಾರೂ ಓಡಬ್ಯಾಡ ಅನ್ನಲಿಲ್ಲ. ಕೆಲವೇ ದಿನಗಳಲ್ಲಿ ನನಗೆ ಆ ಜೋರು ದನಿ ಬೇಕೆನಿಸತೊಡಗಿತು. ಭಾನುವಾರ ಎಣ್ಣೆಯ ವಾಸನೆ ಬಂದರೆ ಬಾಗಿಲ ಕಡೆ ನೋಡುತ್ತಿದ್ದೆ. ಹೇಳಲು ಮಾತ್ರ ಧೈರ್ಯ ಸಾಲದು.

ಅಕ್ಟೋಬರಿನ ಒಂದು ಬೆಳಿಗ್ಗೆ ಅಜ್ಜಿ ಅಂಗಳದಲ್ಲಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು. ನಾನು ಅವಳ ಎದುರಿಗೇ, ಎರಡು ಮಾರು ದೂರದಲ್ಲಿ, ತುಳಸಿಕಟ್ಟೆಯ ಅಂಚಿನಲ್ಲಿ ಕುಳಿತಿದ್ದೆ. ಕಟ್ಟೆಯ ಎತ್ತರ ಒಂದೂವರೆ ಗೇಣು. "ಅಜ್ಜೀ, ನೀರು" ಎಂದು ಇಳಿದೆ. ಬಲ ತೊಡೆಯಲ್ಲಿ ಒಣ ಕಟ್ಟಿಗೆ ಮುರಿದಂಥ ಸದ್ದು. ಅಜ್ಜಿಯ ಕೈಯಿಂದ ಮೊರ ಬಿತ್ತು, ಅಕ್ಕಿಯೆಲ್ಲ ಚೆಲ್ಲಿತು. ನನಗೆ ನೋವಿಗಿಂತ ಹೆಚ್ಚಾಗಿ ನೆನಪಿರುವುದು ಅವಳ ಮುಖ. ನನ್ನ ಹತ್ತಿರ ಯಾರೂ ಇರಲಿಲ್ಲ. ಯಾರೂ ಮುಟ್ಟಿರಲಿಲ್ಲ. ಎಲ್ಲವನ್ನೂ ಅವಳೇ ಕಣ್ಣಾರೆ ಕಂಡಿದ್ದಳು.

ಕನಕರಾಜ ಮಾವ ಯಾರದೋ ಜೀಪು ತಂದ. ಈ ಸಲ ಹೊಸಪೇಟೆಯಲ್ಲಿ ಹೊಸದಾಗಿ ತೆರೆದಿದ್ದ ನರ್ಸಿಂಗ್ ಹೋಮ್. ಗಣಿಯ ಲಾರಿಗಳಿಂದಾಗಿ ಊರಲ್ಲಿ ಮುರಿದ ಕೈಕಾಲಿಗೆ ಬರವಿರಲಿಲ್ಲ. ಹಜಾರದ ತುಂಬ ಡ್ರೈವರುಗಳು, ಕ್ಲೀನರುಗಳು. ಎಕ್ಸ್‌ರೇ ತೆಗೆಯುವ ಹಾಲಸ್ವಾಮಿ ಎಂಬಾತ ಒಂದು ಫಿಲ್ಮ್ ತೆಗೆದ, ನೋಡಿದ, ಮತ್ತೊಂದು ತೆಗೆದ. ಒದ್ದೆ ಫಿಲ್ಮನ್ನು ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದ. ನಾನು ಸ್ಟ್ರೆಚರಿನ ಮೇಲೆ ಬಾಗಿಲಲ್ಲೇ ಇದ್ದೆ.

"ಸರ್, ನಾನು ಎಕ್ಸ್‌ಪೋಜರ್ ತಪ್ಪು ಕೊಟ್ಟೀನಿ ಅಂದ್ಕೊಂಡೆ. ಹೆಚ್ಚು ಮಾಡಿ ತಗದ್ರೂ ಹಂಗೇ ಬಂತು. ದಿನಾ ಮೂವತ್ತು ಫಿಲ್ಮ್ ತಗೀತೀನಿ, ಇಷ್ಟು ಬೆಳ್ಳನ್ನ ಎಲುಬು ನೋಡಿಲ್ಲ."

ಡಾಕ್ಟರ್ ಮನೋಹರ್ ಆಗಿನ್ನೂ ಮೂವತ್ತೆರಡರವರು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ ಎದ್ದು ಬಂದರು. ತೊಡೆಯನ್ನು ನೋಡುವ ಮೊದಲು ನನ್ನ ಕೈ ಹಿಡಿದು ಬೆರಳುಗಳ ತುದಿ ನೋಡಿದರು. ಬಾಯಿ ತೆಗೆಸಿ ಎರಡು ಸಾಲು ಹಲ್ಲು ನೋಡಿದರು. ಗಲ್ಲದ ಮೇಲೆ ಬೆರಳಾಡಿಸಿದರು. ಕೊನೆಗೆ ನೆತ್ತಿಯ ಮೇಲೆ ಕೈಯಿಟ್ಟು ಅಲ್ಲೇ ನಿಂತರು.

"ಇವಳ ನೆತ್ತಿ ಇನ್ನೂ ಕೂಡಿಲ್ಲ. ಮನೇಲಿ ಯಾರೂ ಗಮನಿಸಲಿಲ್ವಾ?"

"ಒಬ್ಬಾಕಿ ಹೇಳಿದ್ಳುರೀ," ಅಂದಳು ಅಜ್ಜಿ. "ನಾನೇ ಕೇಳ್ಲಿಲ್ಲ."

ಅಪ್ಪ ಸಂಡೂರಿನಿಂದ ಬರುವಷ್ಟರಲ್ಲಿ ಕಾಲಿಗೆ ತೂಕ ಕಟ್ಟಿ ಮಲಗಿಸಿದ್ದರು. ಮನೋಹರ್ ನಮ್ಮೆಲ್ಲರನ್ನೂ ಕೂರಿಸಿಕೊಂಡು ಹೇಳಿದ ಮಾತು ನನಗೆ ಇಂದಿಗೂ ಬಾಯಿಪಾಠ.

"ಎಲುಬು ಅಂದ್ರೆ ಒಮ್ಮೆ ಕಟ್ಟಿ ಬಿಟ್ಟ ಗೋಡೆ ಅಲ್ಲ. ಮೈಯೊಳಗೆ ಎರಡು ಥರದ ಕೆಲಸದವರಿದ್ದಾರೆ. ಒಬ್ಬರು ಹಳೇದನ್ನ ಕೆಡವ್ತಾರೆ, ಇನ್ನೊಬ್ಬರು ಹೊಸದು ಕಟ್ತಾರೆ. ದಿನಾ, ಸಾಯೋತನಕ. ಕೆಡವೋರ ಹತ್ರ ಒಂದು ಸಣ್ಣ ಚೀಲ ಇರುತ್ತೆ, ಅದಕ್ಕೆ ಲೈಸೋಸೋಮ್ ಅಂತ ಹೆಸರು. ಅದರೊಳಗೆ ಹಳೆ ಎಲುಬಿನ ನಾರನ್ನ ಕತ್ತರಿಸಿ ಕರಗಿಸೋ ರಸ. ಕೆಥೆಪ್ಸಿನ್ ಕೆ. ನಿಮ್ಮ ಹುಡುಗೀಲಿ ಆ ರಸ ಇಲ್ಲ ಅಂತ ನನ್ನ ಅನುಮಾನ. ಕೆಡವೋರು ಬರ್ತಾರೆ, ಸುಣ್ಣ ಕೆರೀತಾರೆ, ನಾರು ಕತ್ತರಿಸೋಕೆ ಆಗದೆ ವಾಪಸ್ ಹೋಗ್ತಾರೆ. ಹಳೇದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು. ಎಲುಬು ದಪ್ಪ ಆಗುತ್ತೆ, ಗಟ್ಟಿ ಆಗುತ್ತೆ."

"ಗಟ್ಟಿ ಆದ್ರ ಮುರಿಯೋದ್ಯಾಕರೀ?" ಕೇಳಿದ ಕನಕರಾಜ ಮಾವ.

ಡಾಕ್ಟರು ಉತ್ತರಿಸುವ ಮೊದಲು ಅಪ್ಪ ಬಾಯಿ ಬಿಟ್ಟ. ಇಷ್ಟು ಹೊತ್ತು ಅವನು ನನ್ನ ಮುಖವನ್ನೂ ನೋಡಿರಲಿಲ್ಲ. "ಬೀಡು ಕಬ್ಬಿಣ ಇದ್ದಂಗ," ಅಂದ. "ಕ್ರಷರಿನ ದವಡಿ ಉಕ್ಕಿಂದು ಇದ್ರ ತಡಕೊಂತೈತಿ, ಬೀಡಿಂದು ಭಾಳ ಗಟ್ಟಿ, ಆದ್ರ ಬಾಗಾಕ ಬರಂಗಿಲ್ಲ. ಒಂದೇ ಪೆಟ್ಟಿಗೆ ಸೀಳಿಬಿಡ್ತೈತಿ."

"ಅದೇ," ಅಂದರು ಮನೋಹರ್.

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, "ಎಲ್ಲಿಂದ ಬಂತರೀ ಇದು?" ಎಂದು ಕೇಳಿದಳು. ಅವರು ಮನೆಯವರ ಸಂಬಂಧಗಳನ್ನು ವಿಚಾರಿಸಿ, ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಆ ರಸ ತಯಾರಿಸುವ ಜೀನಿನ ಒಂದು ಕೆಟ್ಟ ಪ್ರತಿ ತಾಯಿಯಿಂದ, ಒಂದು ತಂದೆಯಿಂದ. ಒಂದೇ ಇದ್ದವರಿಗೆ ಏನೂ ಆಗುವುದಿಲ್ಲ. ಎರಡೂ ಸೇರಿದಾಗ ಹೀಗೆ. ತಾಯಿ ತಂದೆ ಒಂದೇ ಮನೆಯ ರಕ್ತವಾದರೆ ಹಾಗೆ ಸೇರುವ ಸಾಧ್ಯತೆ ಹೆಚ್ಚು. "ಯಾರ ತಪ್ಪೂ ಅಲ್ಲಮ್ಮ," ಎಂದು ಅವರು ಎರಡು ಸಲ ಹೇಳಿದರು. ಅಜ್ಜಿ ಆ ಕಾಗದವನ್ನೇ ನೋಡುತ್ತಿದ್ದಳು. ಗೆರೆಗಳೆಲ್ಲ ಅವಳ ತಾಯಿಯ ಹತ್ತಿರ ಹೋಗಿ ಕೂಡುತ್ತಿದ್ದವು. ಅದರಲ್ಲಿ ಉಚ್ಚೆಂಗಮ್ಮನ ಹೆಸರಿಗೆ ಜಾಗವೇ ಇರಲಿಲ್ಲ.

ನನ್ನ ರಕ್ತ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಗೆ ಹೋಯಿತು. ಅದರ ಉತ್ತರ ಬರಲು ಆರು ತಿಂಗಳು ಹಿಡಿಯಿತು. ಮನೋಹರ್ ಹೇಳಿದ್ದೇ ನಿಜವಾಗಿತ್ತು. ಆದರೆ ಅಜ್ಜಿ ಆ ಉತ್ತರಕ್ಕೆ ಕಾಯಲಿಲ್ಲ. ತೂಕ ಬಿಚ್ಚಿ, ಸೊಂಟದಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ ನನ್ನನ್ನು ಮನೆಗೆ ಕಳಿಸಿದ ದಿನವೇ, "ಜೀಪು ಚೋರನೂರಿಗೆ ಹೊಡಿ," ಎಂದು ಮಾವನಿಗೆ ಹೇಳಿದಳು.

"ನಾನೂ ಬರ್ತೀನಿ," ಅಂದ ಅಪ್ಪ.

"ಬ್ಯಾಡ. ಕಳಿಸಿದಾಕಿ ನಾನು. ನೀನು ಮನಿಯಾಗ ದೀಪ ಹಚ್ಚು."

ಹಿಂದಿನ ಸೀಟಿನಲ್ಲಿ ನನ್ನನ್ನು ಉದ್ದಕ್ಕೆ ಮಲಗಿಸಿ, ಕಾಲಿನ ಕೆಳಗೆ ಹುಲ್ಲು ತುಂಬಿದ ಚೀಲ ಇಟ್ಟರು. ಸಂಡೂರಿನವರೆಗೆ ಎರಡೂ ಬದಿ ಲಾರಿ, ಕೆಂಪು ಮಂಜಿನಂಥ ಧೂಳು, ಹಗಲಲ್ಲೇ ಹೆಡ್‌ಲೈಟ್. ಸಂಡೂರು ದಾಟಿ ಚೋರನೂರಿನ ದಾರಿ ಹಿಡಿದ ಮೇಲೆ ಇದ್ದಕ್ಕಿದ್ದಂತೆ ಎಲ್ಲ ಸುಮ್ಮನಾಯಿತು. ಜೋಳದ ಹೊಲ, ತೊಗರಿ, ಬಿಸಿಲು. ಮಾವ ಹಾರ್ನ್ ಹೊಡೆಯುವುದನ್ನೇ ಮರೆತ.

ಅವಳು ಹೊಲದಲ್ಲಿದ್ದಳು. ಅಣ್ಣ ಪಾಲಪ್ಪ ಮತ್ತು ಮನೆಯ ಹೆಂಗಸರ ಜೊತೆ ಶೇಂಗಾ ಕೀಳುತ್ತಿದ್ದಳು. ಜೀಪು ನಿಂತಿದ್ದು ನೋಡಿ, ಕೈಯಲ್ಲಿದ್ದ ಬಳ್ಳಿಯನ್ನು ಕೊಡವಿ, ನಿಧಾನವಾಗಿ ಬದುವಿನ ತನಕ ಬಂದಳು. ನನ್ನ ಪ್ಲಾಸ್ಟರ್ ಕಂಡದ್ದೇ ಓಡಿದಳು.

"ಏನಾತು? ಎಲ್ಲಿ ಬಿದ್ದಿ?"

"ಕಟ್ಟಿ ಇಳಿದ್ಳು," ಅಂದಳು ಅಜ್ಜಿ. "ಇಷ್ಟು ಎತ್ತರದ ಕಟ್ಟಿ. ನನ್ನ ಕಣ್ಣಮುಂದ." ಆಮೇಲೆ ಡಾಕ್ಟರು ಹೇಳಿದ್ದನ್ನೆಲ್ಲ ತನಗೆ ತಿಳಿದಂತೆ ಹೇಳಿದಳು. ಕೊನೆಗೆ ಅವಳ ದನಿ ಕುಸಿಯಿತು. "ನೆತ್ತಿ ಮುಟ್ಟಿ ನೋಡಿ ಕೇಳಿದ್ರವ್ವ, ಮನ್ಯಾಗ ಯಾರೂ ನೋಡ್ಲಿಲ್ಲೇನು ಅಂತ. ನೋಡಿದಾಕೀನ್ನ ನಾನು ಹೊರಗ ಹಾಕಿದ್ದೆ. ನಿನ್ನ ಕಾಲಿಗೆ ಬೀಳಾಕ ಬಂದೀನಿ."

ಅಜ್ಜಿ ನಿಜವಾಗಿಯೂ ಬಗ್ಗಿದಳು. ಚಿಗವ್ವ ಅವಳ ಎರಡೂ ತೋಳು ಹಿಡಿದು ನಿಲ್ಲಿಸಿದಳು. ಆಮೇಲೆ ಜೀಪಿನ ಹಿಂಬಾಗಿಲಿಗೆ ಬಂದು ನನ್ನನ್ನು ನೋಡಿದಳು.

"ಹುಲಿಗೆಮ್ಮ, ಅವತ್ತು ನೀನ್ಯಾಕ ಬಾಯಿ ಬಿಡ್ಲಿಲ್ಲ?"

ಎಲ್ಲರ ಮುಂದೆ ಹೇಳಿದೆ. ಟಿಪ್ಪರಿನ ಮೆಟ್ಟಿಲು, ಹಿಡಿಕೆ, ತೆವಳಿದ್ದು, ಸುಮ್ಮನಿದ್ದದ್ದು. ಹೇಳುತ್ತಾ ಹೇಳುತ್ತಾ ಬಿಕ್ಕಳಿಕೆ ಬಂತು. ಮಾವ ಜೀಪಿನ ಬಾನೆಟ್ಟಿಗೆ ಒರಗಿ ಮುಖ ಮುಚ್ಚಿಕೊಂಡ. ಚಿಗವ್ವ ನನ್ನ ಹತ್ತಿರಕ್ಕೆ ಬಗ್ಗಿದಳು.

"ಕ್ಯಾಬಿನ್ನಿನ್ಯಾಗ ಕುಂದ್ರೋ ಆಸೆಗೇನು?"

"ಹೂಂ."

"ಹುಚ್ಚಿ," ಅಂದಳು. ಸೆರಗಿನಿಂದ ನನ್ನ ಮೂಗು ಒರೆಸಿದಳು. ಅವಳ ಕೈಯಲ್ಲಿ ಹಸಿ ಶೇಂಗಾದ, ಮಣ್ಣಿನ ವಾಸನೆ.

ಅಜ್ಜಿ, "ಹಂಗಾದ್ರ ನಡಿಯವ್ವ, ಮನಿಗೆ ಹೋಗೂಣು," ಅಂದಳು.

"ಈಗ ಬರಂಗಿಲ್ರಿ. ಶೇಂಗಾ ಇನ್ನೂ ಅರ್ಧ ಹೊಲ ಐತಿ. ಅಣ್ಣ ನಾಲ್ಕು ತಿಂಗಳು ಅನ್ನ ಹಾಕ್ಯಾನ, ನಡುವ ಬಿಟ್ಟು ಬರ್ಲೇನು? ಅದೂ ಅಲ್ದ, ಹೋಗಂದಾಗ ಹೋಗಾಕ, ಬಾ ಅಂದಾಗ ಬರಾಕ ನಾನೇನು ಕೂಲಿಯಾಳಲ್ಲ. ಮುಗಿಸಿ ಬರ್ತೀನಿ. ಯಾರೂ ಕರಿಯಾಕ ಬರಬ್ಯಾಡ್ರಿ. ನಮ್ಮನಿ ದಾರಿ ನನಗ ಗೊತ್ತೈತಿ."

ಒಂಬತ್ತನೆಯ ದಿನ ಮಧ್ಯಾಹ್ನದ ಬಸ್ಸಿಗೆ ಬಂದಳು. ಆ ಕೈಚೀಲ, ತಲೆಯ ಮೇಲೆ ಒಂದು ಗಂಟು ಶೇಂಗಾ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಅಪ್ಪ ಅಂದು ಕ್ರಷರಿಗೆ ಹೋಗಿರಲಿಲ್ಲ. ಅವಳು ಹೊಸ್ತಿಲ ಹೊರಗೇ ನಿಂತಳು. ಅಪ್ಪ ಎಲ್ಲರಿಗೂ ಕೇಳುವಂತೆ, "ನನ್ನ ಮಗಳನ್ನ ಈಕಿ ಯಾವತ್ತೂ ಹೊಡೆದಿಲ್ಲ. ತಪ್ಪು ನನ್ನದು," ಅಂದ. ಅಷ್ಟು ದೊಡ್ಡ ದನಿಯಲ್ಲಿ ಅವನು ಮಾತಾಡಿದ್ದನ್ನು ನಾನು ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಚಿಗವ್ವ ಒಳಗೆ ಬಂದು ಮೊದಲು ಮಾಡಿದ್ದು ನನ್ನ ಹಾಸಿಗೆಯ ಚಾದರ ಬದಲಿಸಿದ್ದು. "ನಾಯೀನೂ ಮಲಗಂಗಿಲ್ಲ ಇದರ ಮ್ಯಾಲ," ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ನಾನು ಮುಸುಕಿನೊಳಗೆ ನಕ್ಕೆ.

ಆಮೇಲಿನ ಐದಾರು ವರ್ಷ ನನ್ನ ಬದುಕಿನ ಒಳ್ಳೆಯ ಕಾಲ. ಮನೋಹರ್ ಹೇಳಿದರು, ಈ ಕಾಯಿಲೆಗೆ ಮದ್ದಿಲ್ಲ, ಆದರೆ ಆಯಸ್ಸು ಕಡಿಮೆ ಆಗುವುದಿಲ್ಲ. ಹಲ್ಲು ಕೀಳಿಸುವಾಗ ಜೋಪಾನ, ಬೀಳದಂತೆ ಜೋಪಾನ. ಚಿಗವ್ವ ಮನೆಯ ಮೆಟ್ಟಿಲಿಗೆಲ್ಲ ಗೋಣಿಚೀಲ ಹಾಸಿದಳು. ಶಾಲೆಯ ಚೆನ್ನಬಸಮ್ಮ ಟೀಚರಿಗೆ ಹೇಳಿ ನನ್ನ ಕ್ಲಾಸನ್ನು ಕೆಳಗಿನ ಕೋಣೆಗೆ ತರಿಸಿದಳು. ಅಜ್ಜಿ ಬಂದಾಗಲೆಲ್ಲ ಇಬ್ಬರೂ ಅಡುಗೆಮನೆಯಲ್ಲಿ ಕುಳಿತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ನನ್ನನ್ನು ಕನಕರಾಜ ಮಾವನಿಗೆ ಕೊಡುವ ಮಾತನ್ನು ಅಜ್ಜಿ ಮತ್ತೆಂದೂ ಎತ್ತಲಿಲ್ಲ. ಅವನಿಗೆ ಸಂಬಂಧವೇ ಇಲ್ಲದ ಮನೆಯಿಂದ, ಕಂಪ್ಲಿಯ ತ್ರಿವೇಣಿ ಎಂಬವಳನ್ನು ತಂದಳು. ನಾನು ಹನ್ನೊಂದು ವರ್ಷದವಳು, ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಮಾವನೇ ಬಂದು ನನ್ನನ್ನು ಎತ್ತಿ ಕ್ಯಾಬಿನ್ನಿನಲ್ಲಿ ಕೂರಿಸಿದ. ಚಿಗವ್ವನೂ ಹತ್ತಿ ನನ್ನ ಪಕ್ಕ ಕುಳಿತಳು, ಒಂದು ಕೈ ನನ್ನ ಸೊಂಟದ ಸುತ್ತ. ಡ್ಯಾಮಿನ ತನಕ ಹೋಗಿ ಬಂದೆವು. ಎಲ್ಲ ಗೇಟು ತೆರೆದಿದ್ದರು. "ಅಯ್ಯ, ಇಲ್ಲಿಂದ ಊರು ಎಷ್ಟು ಚಂದ ಕಾಣ್ತೈತಿ!" ಅಂದಳು ಅವಳು. ನನಗೆ ಗೊತ್ತಿದ್ದದ್ದನ್ನು ಅವಳಿಗೂ ಗೊತ್ತು ಮಾಡಿಸಿದ ಖುಷಿ ನನಗೆ.

ಗಣಿ ನಿಂತಿತು. ಟಿಪ್ಪರುಗಳು ಸಾಲಾಗಿ ಜಾಲಿಯ ನಡುವೆ ತುಕ್ಕು ಹಿಡಿದವು. ಮಾವ ಶಾಲೆಯ ಬಸ್ ಓಡಿಸಲು ಸೇರಿದ. ಅಪ್ಪ ಕಂಪ್ಲಿಯ ಗಿರಣಿಗೆ ಮರಳಿದ, ಕೆಲವು ವರ್ಷದಲ್ಲಿ ಎದೆನೋವಿನಿಂದ ಹೋದ. ಅಜ್ಜಿಯೂ ಹೋದಳು. ಮನೆಯಲ್ಲಿ ನಾವಿಬ್ಬರು, ಓಣಿಯ ತುದಿಗೆ ನನ್ನ ಅಂಗಡಿ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಚಿಗವ್ವ ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡಳು. ವಯಸ್ಸು ಐವತ್ತು ದಾಟಿದ್ದಷ್ಟೇ. ನಲವತ್ತು ತುಂಬುವ ಮೊದಲೇ ಗರ್ಭಚೀಲದ ಜೊತೆ ಅಂಡಾಶಯಗಳನ್ನೂ ತೆಗೆಸಿದ್ದರು. ಅಂಥವರ ಎಲುಬು ಬೇಗ ಸವೆಯುತ್ತದಂತೆ. ಮನೋಹರ್‌ಗೆ ಆಗ ಕೂದಲು ನರೆತಿತ್ತು. ನನ್ನದೂ ಅವಳದೂ ಎಕ್ಸ್‌ರೇ ಪಕ್ಕಪಕ್ಕ ಇಟ್ಟು ತೋರಿಸಿದರು. ನನ್ನದು ಸುಣ್ಣದ ಗೋಡೆಯಂತೆ ಬಿಳಿ, ಅವಳದು ಹಳೆಯ ಸೀರೆಯಂತೆ ಜಾಳುಜಾಳು.

"ಹುಲಿಗೆಮ್ಮನಲ್ಲಿ ಇಲ್ಲದ ಆ ರಸ ನಿಮ್ಮಲ್ಲಿ ವಿಪರೀತ ಕೆಲಸ ಮಾಡ್ತಿದೆ. ಕಟ್ಟೋರಿಗಿಂತ ಕೆಡವೋರು ಹೆಚ್ಚಾಗಿದ್ದಾರೆ," ಅಂದರು. "ಇವಳಂಥವರನ್ನ ನೋಡಿಯೇ, ಆ ರಸವನ್ನ ಸ್ವಲ್ಪ ತಡೆದರೆ ಎಲುಬು ಉಳಿಸಬಹುದು ಅಂತ ಒಂದು ಔಷಧ ಮಾಡಿದ್ರು. ಎಲುಬು ಮುರಿಯೋದು ಕಡಿಮೆ ಆಯ್ತು. ಆದರೆ ಪಾರ್ಶ್ವವಾಯು ಹೆಚ್ಚು ಕಂಡುಬಂತು ಅಂತ ನಿಲ್ಲಿಸಿಬಿಟ್ರು. ಬೇರೆ ಮದ್ದುಗಳಿವೆ, ಕೊಡ್ತೀನಿ."

ಚಿಗವ್ವ ಎರಡೂ ಫಿಲ್ಮುಗಳನ್ನು ಬಹಳ ಹೊತ್ತು ನೋಡಿದಳು. "ನನ್ನತ್ರ ಹೆಚ್ಚಾಗಿದ್ದು ಈಕಿಗೆ ಹಾಕಾಕ ಬರಂಗಿಲ್ಲೇನ್ರಿ?" ಎಂದು ಕೇಳಿದಳು.

ಮನೋಹರ್ ಕನ್ನಡಕ ತೆಗೆದು ಒರೆಸಿಕೊಂಡರು. "ಇನ್ನೂ ಬರಲ್ಲಮ್ಮ," ಅಂದರು.

ಆಪರೇಷನ್ ಆಗಿ ಅವಳು ವಾಕರ್ ಹಿಡಿದು ನಡೆದಳು. ನಾಲ್ಕು ವರ್ಷ ಅಂಗಡಿಯ ಮೂಲೆಯಲ್ಲಿ ಕುಳಿತು ಗಿರಾಕಿಗಳ ಜೊತೆ ಜಗಳವಾಡಿದಳು. ಬೀಳುವ ಹಾಗಿದ್ದರೂ ನನ್ನ ಹೆಗಲು ಹಿಡಿಯುತ್ತಿರಲಿಲ್ಲ, "ನಿನ್ನ ಹಿಡಿದ್ರ ಇಬ್ರೂ ದವಾಖಾನಿ ಸೇರಬೇಕು" ಅನ್ನುತ್ತಿದ್ದಳು. ಇಪ್ಪತ್ತಮೂರರ ಚಳಿಗಾಲದಲ್ಲಿ ನ್ಯುಮೋನಿಯಾ ಬಂತು. ಐದು ದಿನ ಮಲಗಿ ಹೋದಳು. ಅವಳ ಆಸೆಯಂತೆ ಚೋರನೂರಿನಲ್ಲಿ, ಪಾಲಪ್ಪನ ಹೊಲದಲ್ಲಿ ಮಣ್ಣು ಮಾಡಿದೆವು. ಉತ್ತ ನೆಲ ಉಬ್ಬುತಗ್ಗು. ನಾನು ನಡೆಯಬಾರದೆಂದು ಇಬ್ಬರು ಹೆಂಗಸರು ಕುರ್ಚಿಯಲ್ಲಿ ಕೂರಿಸಿ ನನ್ನನ್ನು ಎತ್ತಿಕೊಂಡು ಹೋದರು.

"ಮುಂದಿನ ಸಲ ನೀನು ಬರೂದ್ರೊಳಗ ದಾರಿ ಮಾಡಿಸಿರ್ತೀನವ್ವ," ಅಂದ ಪಾಲಪ್ಪ.

ಅಂಥ ಹೊತ್ತಿನಲ್ಲಿ ಎಲ್ಲರೂ ಹಾಗೆ ಹೇಳುತ್ತಾರೆ ಎಂದುಕೊಂಡಿದ್ದೆ. ಅವನು ನಿಜವಾಗಿಯೂ ಬದುವಿನ ಉದ್ದಕ್ಕೂ ಮೊರಂ ಮಣ್ಣು ಸುರಿಸಿ ಸಮ ಮಾಡಿಸಿದ್ದಾನೆ. ಈ ವರ್ಷ ಹೋದಾಗ ಆಟೋ ಅವಳ ಪಕ್ಕದವರೆಗೂ ಹೋಯಿತು. ನಾನು ಇಳಿದು, ಯಾರ ಕೈಯನ್ನೂ ಹಿಡಿಯದೆ, ಸ್ವಲ್ಪ ಹೊತ್ತು ಅವಳ ಹತ್ತಿರ ನಿಂತು ಬಂದೆ.